ದ್ವೀಪದಲ್ಲಿ ಒಂದು ಮೊಳ ಹೂವಿಲ್ಲ

ಸರಟೋಗಾ, ಮೊದಲ ಬೆಳಗ್ಗೆ

ನನ್ನ ತಂಗಿ ಪ್ರಭಾ ಮೂರು ವರ್ಷದ ಹಿಂದೆ ಗ್ರೀಸ್ ದೇಶದ ಯಾವುದೋ ದ್ವೀಪಕ್ಕೆ ಹೋಗಿ ಒಂದು ವಾರ ಇದ್ದು ಬಂದಳು. ಬಂದವಳು ಫೋಟೋ ತೋರಿಸಿ ಸುಮ್ಮನಾಗಬಹುದಿತ್ತು. ಆಗಲಿಲ್ಲ. ಸರಟೋಗಾದಲ್ಲಿರುವ ತನ್ನ ಮನೆಯ ಹಿತ್ತಲಿನಲ್ಲಿ ಆ ದ್ವೀಪವನ್ನೇ ಕಟ್ಟಿಸಿದಳು. ಬೇಲಿಗೆ ಅಡ್ಡವಾಗಿ ಸುಣ್ಣದ ಬಿಳಿ ಗೋಡೆ, ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ, ಸೊಂಟದೆತ್ತರದ ನೀಲಿ ಕುಂಡಗಳು, ಎರಡು ಆಲಿವ್ ಮರ, ಲ್ಯಾವೆಂಡರ್, ರೋಸ್‌ಮೆರಿ, ಜೆರೇನಿಯಂ, ಕಣಗಿಲೆ. ಸಮುದ್ರ ಒಂದು ಇಲ್ಲ. ಮೂರು ಕಡೆ ನೆರೆಯವರ ಬೇಲಿ, ನಾಲ್ಕನೇ ಕಡೆ ಗ್ಯಾರೇಜು.

“ಅಕ್ಕಾ, ನಮ್ಮ ವೆದರೇ ಮೆಡಿಟರೇನಿಯನ್ನು. ರಿಟೈರ್ ಆಗಿ ಮೈಸೂರಲ್ಲಿ ಕೂತು ಎಲ್ಲರ ಮೇಲೂ ರೇಗ್ತಾ ಇರ್ತೀಯ. ಬಂದು ಒಂದು ತಿಂಗಳು ಹೂವು ನೋಡ್ಕೊಂಡು ಆರಾಮಾಗಿರು,” ಎಂದಳು ಫೋನಿನಲ್ಲಿ. ನಾನು ಮೂವತ್ತಮೂರು ವರ್ಷ ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ ಕೂತವಳು. ರೇಗುವುದು ನನ್ನ ಸ್ವಭಾವವಲ್ಲ, ವೃತ್ತಿ. ಆದರೂ ಹೂವೆಂದರೆ ನನಗೆ ಆಸೆ. ಹೊರಟೆ.

ಮೊದಲ ಬೆಳಗ್ಗೆ ಎದ್ದು ಸ್ನಾನ ಮಾಡಿ, ಅಡುಗೆಮನೆಯಿಂದ ಒಂದು ತಟ್ಟೆ ತೆಗೆದುಕೊಂಡು ದ್ವೀಪಕ್ಕೆ ಇಳಿದೆ. ನಾಲ್ಕು ಕಣಗಿಲೆ, ಮೂರು ಜೆರೇನಿಯಂ. ಅಷ್ಟೇ ಕಿತ್ತದ್ದು. ಅಷ್ಟರಲ್ಲಿ ನೆಲದಿಂದ ನೀರು ಚಿಮ್ಮಿ ನನ್ನ ಸೀರೆಯನ್ನು ಮೊಣಕಾಲಿನವರೆಗೆ ತೋಯಿಸಿತು. ಇಲ್ಲಿ ಗಿಡಕ್ಕೆ ನೀರು ಹಾಕುವವರು ಮನುಷ್ಯರಲ್ಲ, ಗಡಿಯಾರ. ನಾನು ಕೂಗಿಕೊಂಡೆ. ಪ್ರಭಾ ಓಡಿ ಬಂದಳು. ನನ್ನ ಸೀರೆ ನೋಡಲಿಲ್ಲ, ತಟ್ಟೆ ನೋಡಿದಳು.

“ಅಕ್ಕಾ! ಏನ್ ಮಾಡಿದೆ ನೀನು?”

“ದೇವರಿಗೆ ಹೂವು ಕಣೆ.”

“ಭಾನುವಾರ ಗಾರ್ಡನ್ ಟೂರು ಇದೆ! ಒಂದು ಹೂವೂ ಮುಟ್ಟಬಾರದು!”

ಆಮೇಲೆ ವಿವರಿಸಿದಳು. ಊರಿನ ತೋಟದ ಸಂಘದವರು ವರ್ಷಕ್ಕೊಮ್ಮೆ ಕೆಲವು ಮನೆಗಳ ತೋಟಗಳನ್ನು ಆರಿಸುತ್ತಾರಂತೆ. ಜನ ಟಿಕೆಟ್ ಕೊಂಡು, ಟೋಪಿ ಹಾಕಿಕೊಂಡು, ಮನೆಯಿಂದ ಮನೆಗೆ ನಡೆದು ನೋಡುತ್ತಾರಂತೆ. ಪ್ರಭಾ ಎರಡು ಸಲ ಅರ್ಜಿ ಹಾಕಿ ಸೋತು, ಮೂರನೇ ಸಲ ಗೆದ್ದಿದ್ದಳು. ಪ್ರತಿ ಗಿಡದ ಬುಡದಲ್ಲೂ ಹೆಸರು ಬರೆದ ಚೀಟಿ ನೆಟ್ಟಿತ್ತು. ನನಗೂ ಒಂದು ಚೀಟಿ ಚುಚ್ಚದಿದ್ದುದು ನನ್ನ ಪುಣ್ಯ.

ದೇವರ ಗೂಡಿನಲ್ಲಿ ನೋಡಿದರೆ ಬಟ್ಟೆಯ ಹೂವಿನ ಹಾರ. ವಾರಕ್ಕೊಮ್ಮೆ ಪಾತ್ರೆ ಸೋಪಿನಲ್ಲಿ ತೊಳೆದು ಒಣಹಾಕುತ್ತಾಳಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮಲ್ಲಿ ಹಂಗಿಸುತ್ತೇವೆ. ಇಲ್ಲಿ ಹೊಟ್ಟೆಗೆ ಬೇಕಾದಷ್ಟಿದೆ, ಹಿತ್ತಲ ತುಂಬ ಹೂವೂ ಇದೆ, ಜುಟ್ಟಿಗೆ ಮಾತ್ರ ಇಲ್ಲ. ನನಗೆ ಮೈಯೆಲ್ಲ ಉರಿಯಿತು.

ಕ್ಯುಪರ್ಟಿನೋ, ಅಂಗಡಿಯ ಫ್ರಿಜ್ಜಿನ ಮುಂದೆ

ಬುಧವಾರ ಪ್ರಭಾ ನನ್ನನ್ನು ಕ್ಯುಪರ್ಟಿನೋದ ನಮ್ಮವರ ಗ್ರಾಸರಿಗೆ ಕರೆದುಕೊಂಡು ಹೋದಳು. ಕರಿಬೇವಿನ ಪಕ್ಕದ ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಮಲ್ಲಿಗೆ ಮಾಲೆ ಇತ್ತು. ನನ್ನ ಹಾಗೆಯೇ ವಿಮಾನ ಹತ್ತಿ ಬಂದದ್ದು, ನನ್ನ ಹಾಗೆಯೇ ಮುದುಡಿಕೊಂಡಿತ್ತು. ಅದರ ಮುಂದೆ ಒಬ್ಬ ಮುದುಕಿ, ತಲೆಯ ಮೇಲೆ ಬಿಳಿ ದುಪಟ್ಟಾ, ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದು ನಿಂತಿದ್ದರು.

“ಇದು ಮಲ್ಲಿಗೆಯಾ? ನಿನ್ನೆಯ ಅನ್ನದ ಹಾಗಿದೆ,” ಎಂದರು ಯಾರಿಗೂ ಅಲ್ಲದೆ. ಅಪ್ಪಟ ಮೈಸೂರಿನ ಕನ್ನಡ.

ಮೈಸೂರಲ್ಲಿ ಎಲ್ಲಿ ಎಂದು ಕೇಳಿದೆ. ದೇವರಾಜ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಹೂವಿನ ಅಂಗಡಿ, ಗಂಡ ಮುಂದೆ ಕೂತು ಮಾರುತ್ತಿದ್ದರು, ಈಕೆ ಹಿಂದೆ ಕೂತು ಕಟ್ಟುತ್ತಿದ್ದರು. ಹೆಸರು ಜುಬೇದಾ. ಈಗ ಕ್ಯಾಂಪ್‌ಬೆಲ್‌ನಲ್ಲಿ ಮಗಳ ಮನೆಗೆ ಬಂದಿದ್ದರು.

“ನಿಮ್ಮ ಮಾರ್ಕೆಟ್ಟಲ್ಲಿ ಮೊಳ ಅಂದ್ರೆ ಮುಕ್ಕಾಲು ಮೊಳ ಅಲ್ವೇನ್ರಿ?” ಎಂದೆ. ಜೀವಮಾನದ ಸಿಟ್ಟು, ಸಿಕ್ಕವರ ಮೇಲೆ ತೀರಿಸಿಕೊಳ್ಳಬೇಕಲ್ಲ.

“ನಮ್ಮ ಕೈ ಇರೋದೇ ಅಷ್ಟುದ್ದ ಅಮ್ಮ. ಉದ್ದ ಕೈಯೋರ ಹತ್ರ ಕೊಂಡ್ಕೋಬೇಕಿತ್ತು ನೀವು.”

ಸ್ನೇಹವಾಗುವುದಕ್ಕೆ ಇಷ್ಟು ಸಾಕಾಯಿತು. ಪ್ರಭಾ ಬೇಳೆ ಅಕ್ಕಿ ಹೊಂದಿಸುವಷ್ಟರಲ್ಲಿ ಜುಬೇದಮ್ಮ ತಮ್ಮ ಕಷ್ಟ ಹೇಳಿಕೊಂಡರು. ಭಾನುವಾರ ಮೊಮ್ಮಗ ಇಮ್ರಾನನ ನಿಕಾಹ್. ಮದುಮಗನ ಹಣೆಯಿಂದ ಎದೆಯವರೆಗೆ ಇಳಿಬಿಡುವ ಹೂವಿನ ಪರದೆಗೆ ಸೆಹ್ರಾ ಎನ್ನುತ್ತಾರೆ. ಮೈಸೂರಿನಲ್ಲಿ ಎಷ್ಟೋ ಮೊಹಲ್ಲಾದ ಮದುಮಕ್ಕಳಿಗೆ ಸೆಹ್ರಾ ಕಟ್ಟಿದ್ದು ಈ ಕೈ. ಸ್ವಂತ ಮೊಮ್ಮಗನಿಗೆ ಮಾತ್ರ ಮಗಳು ಶಬಾನಾ ಆನ್‌ಲೈನಿನಲ್ಲಿ ಬಟ್ಟೆ ಹೂವಿನದು ತರಿಸಿಟ್ಟಿದ್ದಳು. ಇಲ್ಲಿ ತಾಜಾ ಹೂವನ್ನು ನಂಬಿಕೊಂಡು ಕೂರಲಾಗದು ಎಂಬುದು ಅವಳ ಲೆಕ್ಕ.

“ಅದು ಬಾಕ್ಸಲ್ಲಿದೆ ಅಮ್ಮ. ಮದುವೆ ಆದ್ಮೇಲೆ ಮತ್ತೆ ಬಾಕ್ಸಿಗೆ ಹಾಕಿಡ್ತಾರಂತೆ. ಬಾಡೋದೇ ಇಲ್ವಂತೆ! ಬಾಡದೇ ಇದ್ರೆ ಅದು ಹೂವು ಹೇಗಾಯ್ತು?” ಬೆರಳು ತೋರಿಸಿದರು. ಗೆಣ್ಣುಗಳು ಊದಿ ಓರೆಯಾಗಿದ್ದವು. “ಇನ್ನೊಂದು ಮದುವೆಗೆ ಇವು ಬರಲ್ಲ. ಇದೊಂದು ಕಟ್ಬೇಕು ನಾನು.”

ನಾನು ಯೋಚನೆಯೇ ಮಾಡದೆ ಮಾತು ಕೊಟ್ಟುಬಿಟ್ಟೆ. ನನ್ನ ತಂಗಿಯ ಹಿತ್ತಲಲ್ಲಿ ಬೇಕಾದಷ್ಟು ಹೂವಿದೆ, ನಾನು ಕೊಡಿಸುತ್ತೇನೆ ಎಂದೆ. ಫೋನ್ ನಂಬರೂ ತೆಗೆದುಕೊಂಡೆ. ಊರ ದನ ದಾನ ಮಾಡುವುದು ಬಹಳ ಸುಲಭ.

ಸರಟೋಗಾ, ಗುರುವಾರ

“ಆಗಲ್ಲ,” ಎಂದಳು ಪ್ರಭಾ. “ಭಾನುವಾರ ಸಂಜೆ ಟೂರು ಮುಗಿಯತ್ತೆ. ಆಮೇಲೆ ಎಲ್ಲಾನೂ ಕಿತ್ಕೊಂಡ್ ಹೋಗ್ಲಿ.”

“ನಿಕಾಹ್ ಬೆಳಗ್ಗೆ ಹನ್ನೊಂದಕ್ಕೆ ಕಣೆ. ಸಂಜೆ ಹೂವಿಟ್ಕೊಂಡು ಏನ್ ಮಾಡ್ತಾರೆ?”

“ಅಕ್ಕಾ, ಇಪ್ಪತ್ತೆರಡು ವರ್ಷದಿಂದ ಈ ಬೀದೀಲಿದೀನಿ. ಎಲ್ರೂ ಕೈ ಬೀಸ್ತಾರೆ, ಹಾಯ್ ಅಂತಾರೆ. ಒಬ್ರಾದ್ರೂ ನಮ್ಮ ಗೇಟಿನೊಳಗೆ ಕಾಲಿಟ್ಟಿದಾರಾ? ಮೊದಲನೇ ಸಲ ಬರ್ತಿದಾರೆ. ಅವತ್ತು ಬೋಳು ತೋಟ ತೋರಿಸ್ಲಾ?”

ಇಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಕೌಂಟರಿನ ಅಭ್ಯಾಸ, ಕೊನೆಯ ಮಾತು ನನ್ನದೇ ಆಗಬೇಕು. “ಹಾಗಾದ್ರೆ ಹೂವಿನ ಫೋಟೋ ತೂಗುಹಾಕು. ಅದು ಯಾವತ್ತೂ ಉದುರಲ್ಲ, ನಿನಗೆ ಅದೇ ಸರಿ,” ಎಂದೆ. ಪ್ರಭಾ ಕೈಯಲ್ಲಿದ್ದ ಲೋಟವನ್ನು ಸಿಂಕಿನಲ್ಲಿಟ್ಟು ಒಳಗೆ ಹೋದಳು. ಶನಿವಾರದವರೆಗೆ ನನ್ನ ಜೊತೆ ಮಾತಾಡಲಿಲ್ಲ. ಸಾವಿರಾರು ಮೈಲಿ ಹಾರಿ ಬಂದು ತಂಗಿಯ ಮನೆಯಲ್ಲಿ ಮಾತಿಲ್ಲದೆ ಉಪ್ಪಿಟ್ಟು ತಿಂದೆ.

ಕ್ಯಾಂಪ್‌ಬೆಲ್, ಅಪಾರ್ಟ್‌ಮೆಂಟಿನ ಬೇಲಿ

ಶುಕ್ರವಾರ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋದದ್ದು ಪ್ರಭಾಳ ಮಗಳು ಮೇಘನಾ. ಹದಿನೇಳು ವರ್ಷ, ಹೊಸ ಲೈಸೆನ್ಸು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಫ್ರೀವೇ ಹತ್ತಿದರೆ ನಡುವಿನ ಪಟ್ಟಿಯಲ್ಲಿ ಉದ್ದಕ್ಕೂ ಕಣಗಿಲೆ. ಬಿಳಿ, ಕೆಂಪು, ಗುಲಾಬಿ, ಮೈಲಿಗಟ್ಟಲೆ. ನಮ್ಮೂರಿನಲ್ಲಿ ಇಷ್ಟು ಕಣಗಿಲೆ ಇದ್ದಿದ್ದರೆ ಶಿವನ ಗುಡಿಗಳಿಗೆಲ್ಲ ಸಾಕಾಗಿ ಮಿಗುತ್ತಿತ್ತು. ಇಲ್ಲಿ ಅದನ್ನು ನೋಡುವವರು ಕಾರುಗಳು.

“ಒಂದ್ನಿಮಿಷ ನಿಲ್ಲಿಸೇ,” ಎಂದೆ.

“ದೊಡ್ಡಮ್ಮ, ಯು ಕಾಂಟ್ ಸ್ಟಾಪ್ ಆನ್ ಎ ಫ್ರೀವೇ!”

ಈ ದೇಶದಲ್ಲಿ ಹೂವು ಇರುವ ಕಡೆ ನಿಲ್ಲುವಂತಿಲ್ಲ, ನಿಲ್ಲಬಹುದಾದ ಕಡೆ ಕೀಳುವಂತಿಲ್ಲ.

ಜುಬೇದಮ್ಮ ಅಪಾರ್ಟ್‌ಮೆಂಟಿನ ಕೆಳಗೆ ಬುಟ್ಟಿ ಹಿಡಿದು ಕಾಯುತ್ತಿದ್ದರು. ತಂಗಿ ಒಪ್ಪಲಿಲ್ಲ ಎಂದು ಹೇಳುವುದಕ್ಕೆ ನನಗೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ಕಾರು ನಿಲ್ಲಿಸುವ ಜಾಗದ ಬೇಲಿಯತ್ತ ಕೈ ತೋರಿಸಿದರು. ಕಡು ಹಸಿರು ಎಲೆ, ನಕ್ಷತ್ರದಂಥ ಪುಟ್ಟ ಬಿಳಿ ಹೂವು, ಮೂಗು ಮುಚ್ಚಿಕೊಂಡರೂ ಬಿಡದ ಘಮಲು. ಇಲ್ಲಿಯವರು ಇದನ್ನೂ ಒಂದು ಬಗೆಯ ಮಲ್ಲಿಗೆ ಎನ್ನುತ್ತಾರಂತೆ. ಇಬ್ಬರೂ ಕೀಳತೊಡಗಿದೆವು. ಕೌಂಟರಿನಲ್ಲಿ ಟಿಕೆಟ್ ಹರಿದ ವೇಗ ನನ್ನ ಕೈಗೆ ಮತ್ತೆ ಬಂತು.

ಅರ್ಧ ಬುಟ್ಟಿಯಾಗುವ ಹೊತ್ತಿಗೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಹೂವಿನ ತೊಟ್ಟಿನಿಂದ ಎಕ್ಕದ ಗಿಡದ ಹಾಗೆ ಬಿಳಿ ಹಾಲು ಒಸರುತ್ತಿತ್ತು. ಕನ್ನಡಕ ಸರಿಮಾಡಿಕೊಳ್ಳಲು ಹೋದರೆ ಕನ್ನಡಕ ಬೆರಳಿಗೆ ಅಂಟಿತು. ಜುಬೇದಮ್ಮ ಒಂದು ಹೂವನ್ನು ಹಿಸುಕಿ ನೋಡಿ ಬುಟ್ಟಿಯನ್ನು ಅಲ್ಲೇ ಬುಡಮೇಲು ಮಾಡಿದರು.

“ಹಾಲು ಬರೋ ಹೂವ ನನ್ನ ಮಗೀನ ಮುಖಕ್ಕೆ ಕಟ್ಲಾ? ಕಣ್ಣಿಗೆ ಬಿದ್ರೆ?”

ಆಗ ಅಪಾರ್ಟ್‌ಮೆಂಟಿನ ಮ್ಯಾನೇಜರು ಬಂದಳು. ಎತ್ತರದ ಹೆಂಗಸು, ಬಾಯಿ ತುಂಬ ನಗು. ಇದನ್ನು ನೀವು ತಿನ್ನುತ್ತೀರಾ ಎಂದು ಕೇಳಿದಳು. ಮದುವೆಗೆ ಎಂದೆ. ಎಷ್ಟು ಚಂದ ಎಂದಳು, ಒಳ್ಳೆಯ ದಿನವಾಗಲಿ ಎಂದಳು, ಹೋದಳು. ನಾನು ಮೆಚ್ಚಿಕೊಂಡೆ. ಕೈ ತೊಳೆದು ಚಹಾ ಕುಡಿದು ಕೆಳಗಿಳಿದರೆ ಬೇಲಿಯ ಮೇಲೆ ದೊಡ್ಡ ಅಕ್ಷರದ ನೋಟೀಸು: ದಯವಿಟ್ಟು ಗಿಡಗಳಿಗೆ ಹಾನಿ ಮಾಡಬೇಡಿ. ನಮ್ಮೂರಿನವರಾದರೆ ಮುಖದ ಮೇಲೇ ಬೈಯುತ್ತಿದ್ದರು, ನಾವೂ ನಾಲ್ಕು ಮಾತು ಆಡುತ್ತಿದ್ದೆವು, ಕೊನೆಗೆ ಒಂದು ಹಿಡಿ ಹೂವು ಕೊಟ್ಟೇ ಕಳಿಸುತ್ತಿದ್ದರು. ನಗುವವರ ಜೊತೆ ಜಗಳವಾಡುವುದು ಹೇಗೆಂದು ನನಗೆ ಇನ್ನೂ ತಿಳಿದಿಲ್ಲ.

ಸರಟೋಗಾ, ಶನಿವಾರ

ಬೆಳಗ್ಗೆ ಎದ್ದರೆ ಎರಡು ಕೈಯೂ ಕೆಂಪಾಗಿ ಊದಿ ನವೆಯೋ ನವೆ. ತಿಂಡಿಯ ಮೇಜಿನಲ್ಲಿ ಪ್ರಭಾ ಒಂದು ಮುಲಾಮಿನ ಟ್ಯೂಬನ್ನು ನನ್ನ ತಟ್ಟೆಯ ಪಕ್ಕ ಇಟ್ಟಳು. ನಾನು ಹಚ್ಚಿಕೊಳ್ಳಲು ಒದ್ದಾಡುವುದನ್ನು ಸ್ವಲ್ಪ ಹೊತ್ತು ನೋಡಿ, ಟ್ಯೂಬ್ ಕಿತ್ತುಕೊಂಡು ತಾನೇ ಹಚ್ಚತೊಡಗಿದಳು.

“ಅರವತ್ತೊಂದು ವರ್ಷ. ಬೇಲಿ ಹೂವು ಕೀಳಕ್ಕೆ ಹೋಗ್ತಾಳೆ,” ಎಂದಳು ನನ್ನ ಕೈಗೆ. ಮತ್ತೆ, “ಕರ್ಕೊಂಡ್ ಬಾ ಆಯಮ್ಮನ್ನ. ಏನ್ ಬೇಕೋ ಕಿತ್ಕೊಳ್ಳಲಿ.”

“ನಾಳೆ ಟೂರು?”

“ಗೋಡೆ ಇದೆಯಲ್ಲ. ಗೋಡೆ ನೋಡ್ಕೊಂಡ್ ಹೋಗ್ತಾರೆ.”

ಹೇಳಿ ಟ್ಯೂಬಿನ ಮುಚ್ಚಳ ತಿರುಗಿಸಿದಳು. ನನಗೆ ನಾಚಿಕೆಯಾಯಿತು.

ಮಧ್ಯಾಹ್ನ ಶಬಾನಾ ತಾಯಿಯನ್ನು ಕರೆತಂದು ಬಿಟ್ಟಳು. ಪಾಪ, ಮದುವೆ ಮನೆಯ ಕೆಲಸ ಬಿಟ್ಟು ಬಂದಿದ್ದಳು. “ಆಂಟಿ, ನಾಳೆ ಹತ್ತು ಗಂಟೆವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಬಾಕ್ಸಲ್ಲಿರೋದೇ. ಅಮ್ಮಿಗೆ ನೀವೇ ಹೇಳ್ಬೇಕು,” ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು.

ಜುಬೇದಮ್ಮ ದ್ವೀಪಕ್ಕೆ ಇಳಿದರು. ಪ್ರಭಾ ಕತ್ತರಿ ಹಿಡಿದು ಹಿಂದೆ, ನಾನು ಬುಟ್ಟಿ ಹಿಡಿದು ಅವಳ ಹಿಂದೆ. ಮಾರ್ಕೆಟ್ಟಿಗೆ ಬೆಳಗಿನ ಮೂಟೆ ಬಂದಾಗ ಹೇಗೆ ನೋಡುತ್ತಿದ್ದರೋ ಹಾಗೆಯೇ ನೋಡುತ್ತ ನಡೆದರು. ಗೋಡೆಯ ಬಳ್ಳಿಯ ಮುಂದೆ ನಿಂತು, “ಇದು ಕಾಗದದ ಹೂವು. ಹೆಸ್ರೇ ಹೇಳ್ತದಲ್ಲ.” ಕಣಗಿಲೆಯ ಮುಂದೆ, “ವಿಷ. ದೇವ್ರಿಗಾಗ್ತದೆ, ಮದುಮಗನಿಗಾಗಲ್ಲ.” ಲ್ಯಾವೆಂಡರ್ ಹಿಸುಕಿ, “ಸೋಪು.” ಜೆರೇನಿಯಂ ಮುಟ್ಟಿ, “ವಾಸನೆ ಎಲೇಲಿದೆ, ಹೂವಲ್ಲಿಲ್ಲ. ಇದ್ಯಾವ ನ್ಯಾಯ?” ರೋಸ್‌ಮೆರಿಯನ್ನು ಮೂಸಿ ಸೀನಿದರು. ಕೊನೆಗೆ ನಡುವೆ ನಿಂತು ಸುತ್ತಲೂ ನೋಡಿ, “ಇಷ್ಟು ದೊಡ್ಡ ತೋಟ. ಕಟ್ಟೋ ಅಂಥ ಹೂವು ಒಂದು ಮೊಳ ಇಲ್ಲವಲ್ಲಮ್ಮ,” ಎಂದರು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬುದು ಇದೇ. ಹೂವು ಕೊಡೆನೆಂದು ಎರಡು ದಿನ ಹಟ ಹಿಡಿದ ಪ್ರಭಾಳ ಮುಖ ಈಗ ಸಣ್ಣಗಾಯಿತು. “ಯಾಕೆ? ನನ್ನ ಹೂವಿಗೇನಾಗಿದೆ? ಜನ ಟಿಕೆಟ್ ತಗೊಂಡು ನೋಡಕ್ಕೆ ಬರ್ತಾರೆ!” ಎಂದಳು. ನನಗೆ ಇಬ್ಬರ ತಲೆಯನ್ನೂ ಒಂದಕ್ಕೊಂದು ಕುಟ್ಟುವಷ್ಟು ಕೋಪ ಬಂತು. ನೋಟೀಸು ತಿಂದು, ಕೈ ಊದಿಸಿಕೊಂಡು, ತಂಗಿಯ ಜೊತೆ ಮಾತು ಬಿಟ್ಟು ತಂದ ಒಪ್ಪಿಗೆ ಇದು.

ಜುಬೇದಮ್ಮ ಜಗಳ ಕೇಳಿಸಿಕೊಳ್ಳುತ್ತಿರಲಿಲ್ಲ. ಮೂಗು ಎತ್ತಿ ಗ್ಯಾರೇಜಿನ ಕಡೆ ಹೊರಟರು. ಅಲ್ಲಿ ಒಂದು ಬಿದಿರಿನ ತಡಿಕೆ. ಪ್ರಭಾ, “ಆ ಕಡೆ ಏನಿಲ್ಲ, ಕಸದ ಡಬ್ಬಿ,” ಎನ್ನುವಷ್ಟರಲ್ಲಿ ತಡಿಕೆ ಸರಿಸಿದ್ದರು. ಮೂರು ದೊಡ್ಡ ಕಸದ ಡಬ್ಬಿಗಳ ಮೇಲೆ ಬಾಗಿಕೊಂಡು ಒಂದು ಹಳೆಯ ನಿಂಬೆ ಮರ. ಮನೆ ಕೊಂಡಾಗಲೇ ಇದ್ದದ್ದು, ಓರೆ ಬೆಳೆದದ್ದು, ಟೂರಿನವರ ಕಣ್ಣಿಗೆ ಬೀಳದಿರಲೆಂದು ಮರೆ ಮಾಡಿದ್ದು. ಕೊಂಬೆ ಕೊಂಬೆಗೂ ಮೊಗ್ಗು. ಹೊರಗೆ ನಸು ನೇರಳೆ, ಒಳಗೆ ಬಿಳಿ, ಮಲ್ಲಿಗೆಗಿಂತ ದಪ್ಪ.

ಜುಬೇದಮ್ಮ ಒಂದು ಮೊಗ್ಗನ್ನು ಉಗುರಿನಿಂದ ಚಿವುಟಿ ಅಂಗೈಯಲ್ಲಿ ಉರುಳಿಸಿ ಮೂಗಿಗೆ ಹಿಡಿದರು. ಬಹಳ ಹೊತ್ತು ಕೆಳಗಿಳಿಸಲಿಲ್ಲ.

“ಇದು,” ಎಂದರು.

ಭಾನುವಾರ, ಎರಡೂ ಊರು

ಬೆಳಗ್ಗೆ ಆರಕ್ಕೆ ಜುಬೇದಮ್ಮ ಬಂದು ನಿಂಬೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ಇವತ್ತು ಅರಳುವ ಮೊಗ್ಗು ಮಾತ್ರ ಕೀಳಬೇಕು, ನಾಳೆಯದು ಬೇಡ ಎಂದು ಅಪ್ಪಣೆ. ಪ್ರಭಾ ಟೂರಿನ ಟೋಪಿ ಹಾಕಿಕೊಂಡು ಏಣಿ ಹಿಡಿದಳು, ನಾನು ಹತ್ತಿದೆ. ಕಿತ್ತು ಕೊಟ್ಟದ್ದರಲ್ಲಿ ಮೂರರಲ್ಲೊಂದನ್ನು ಜುಬೇದಮ್ಮ ತಿರಸ್ಕರಿಸಿದರು. ಊಟದ ಮೇಜಿನ ಮೇಲೆ ಹರಡಿಕೊಂಡು ಸೂಜಿ ದಾರದಲ್ಲಿ ಪೋಣಿಸಲು ಕೂತೆವು. ಅವರು ನಾಲ್ಕು ಮೊಗ್ಗು ಪೋಣಿಸಿ ಬೆರಳು ಮಡಚಿ ಬಿಡಿಸುತ್ತಿದ್ದರು, ಮತ್ತೆ ನಾಲ್ಕು. ಗಡಿಯಾರ ನೋಡುವುದಕ್ಕೇ ನನಗೆ ಭಯ. ಅವರ ಸರಗಳು ಆರಾಗುವ ಹೊತ್ತಿಗೆ ಒಂಬತ್ತೂವರೆ. ಇನ್ನೊಂದು ಸರ ಪೋಣಿಸಲು ನನಗೆ ಕೊಟ್ಟರು, ಅದೂ ಬೈದುಕೊಂಡು.

“ನಡುವೆ ಜರಿ ಬೇಕಿತ್ತು. ಬೆಳ್ಳಿ ಬಣ್ಣದ್ದು,” ಎಂದು ಕಿಟಕಿಯ ಆಚೆ ನೋಡಿದರು. ಆಲಿವ್ ಎಲೆಯ ಹಿಂಬದಿ ಬೆಳಕಿಗೆ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. “ಆ ಎಲೆ ಆಗ್ತದೆ.”

ಪ್ರಭಾ ಕತ್ತರಿ ಹಿಡಿದು ಓಡಿದಳು. ಗೇಟಿನ ಎದುರಿಗೇ ಇರುವ, ಎಲ್ಲರೂ ಮೊದಲು ನೋಡುವ ಮರದಿಂದಲೇ ಒಂದಿಡೀ ಕೊಂಬೆ ಕತ್ತರಿಸಿ ತಂದಳು. ಅವಳ ತೋಟದ್ದು ಒಂದಾದರೂ ಒಪ್ಪಿಗೆಯಾಯಿತಲ್ಲ ಎಂದು ಮುಖ ಅರಳಿತ್ತು. ಹತ್ತಕ್ಕೆ ಟೋಪಿಯ ಜನ ಗೇಟಿನಲ್ಲಿ ಬರುತ್ತಿದ್ದರೆ, ಮೇಘನಾ ನನ್ನನ್ನೂ ಜುಬೇದಮ್ಮನನ್ನೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಸೆಹ್ರಾವನ್ನೂ ಹೇರಿಕೊಂಡು ಹೊರಟಳು.

ಕ್ಯಾಂಪ್‌ಬೆಲ್‌ನಲ್ಲಿ ಶಬಾನಾಳ ಸ್ನೇಹಿತರೊಬ್ಬರ ಹಿತ್ತಲಲ್ಲಿ ಶಾಮಿಯಾನ. ಚುರುಕು ಬಿಸಿಲು. ಶಬಾನಾ ಬಾಕ್ಸನ್ನು ತೆರೆದೇ ಇಟ್ಟುಕೊಂಡು ಕೂತಿದ್ದಳು. ನಮ್ಮದನ್ನು ಬಿಚ್ಚಿ ತೋರಿಸಿದಾಗ ತಾಯಿಯ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಆದರೂ ಬಾಕ್ಸನ್ನು ಕುರ್ಚಿಯ ಕೆಳಗೇ ಇಟ್ಟಳು, ತಾಯಂದಿರ ಬುದ್ಧಿ. ಇಮ್ರಾನನ ಹಣೆಗೆ ಜುಬೇದಮ್ಮನೇ ಕಟ್ಟಿದರು. ಏಳು ಸರ, ನಡು ನಡುವೆ ಬೆಳ್ಳಿಯೆಲೆ. ಅಷ್ಟರಲ್ಲಿ ಪ್ರಭಾಳ ಮೆಸೇಜು ಬಂತು: “ತುಂಬಾ ಜನ ಬಂದಿದಾರೆ. ಎಲ್ರೂ ಕುಂಡದ ಫೋಟೋನೇ ತೆಗೀತಿದಾರೆ, ಗಿಡದ್ದಲ್ಲ.”

ಖಾಜಿಯವರು ಕೂತು ಓದಲು ಶುರುಮಾಡಿದಾಗ ಬಿಸಿಲಿಗೆ ಮೊಗ್ಗುಗಳು ಒಂದೊಂದಾಗಿ ಬಿರಿದವು. ಶಾಮಿಯಾನದ ತುಂಬ ಪರಿಮಳ. ಜನ ಅತ್ತಿತ್ತ ನೋಡಿದರು. ಪರಿಮಳದ ಹಿಂದೆಯೇ ಜೇನುನೊಣ ಬಂದವು. ಮೊದಲು ಎರಡು, ಆಮೇಲೆ ಹತ್ತು ಹನ್ನೆರಡು, ನೇರ ಮದುಮಗನ ಮುಖದ ಮೇಲೆ. ಹೆಂಗಸರು ಚೀರಿದರು, ಯಾರೋ ಕರವಸ್ತ್ರ ಬೀಸಿದರು, ಖಾಜಿಯವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆಳೆದುಕೊಂಡರು. ಶಬಾನಾ ಬಾಕ್ಸ್ ಹಿಡಿದು ಓಡಿದಳು. “ಬೇಟಾ, ತೆಗೆದುಬಿಡು, ಇದನ್ನ ಹಾಕ್ಕೋ!”

ಪಕ್ಕದಲ್ಲಿ ಜುಬೇದಮ್ಮ ಎದ್ದು ನಿಂತಿದ್ದರು. ಈ ಬೆಳಗ್ಗೆ, ಈ ಬೆರಳು, ಈ ಮುದುಕಿಯ ಕೊನೆಯ ಸೆಹ್ರಾ, ಎಲ್ಲ ಈಗ ಹುಲ್ಲಿನ ಮೇಲೆ ಬೀಳುತ್ತದೆ ಎಂದುಕೊಂಡೆ. ಆ ನೊಣಗಳ ಮೇಲೆ, ಬಿಸಿಲಿನ ಮೇಲೆ, ಈ ದೇಶದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಪರದೆಯ ಹಿಂದಿನಿಂದ ಇಮ್ರಾನ್ ನಿಧಾನವಾಗಿ ಒಂದು ಕೈ ಎತ್ತಿ ತಾಯಿಯನ್ನು ತಡೆದ. “ಇಟ್ಸ್ ಓಕೆ, ಅಮ್ಮಿ. ದೇ ಲೈಕ್ ಇಟ್.” ಆಮೇಲೆ ಖಾಜಿಯವರ ಕಡೆಗೆ, “ನೀವು ಕೇಳಿ,” ಎಂದು ಉರ್ದುವಿನಲ್ಲಿ ಹೇಳಿದ.

ಖಾಜಿಯವರು ಅಷ್ಟು ದೂರದಿಂದಲೇ, ಒಪ್ಪಿಗೆಯೇ ಎಂದು ಮೂರು ಸಲ ಕೇಳಿದರು. ಅಲುಗಾಡದೆ ಕೂತು, ತುಟಿಯ ಹತ್ತಿರ ಒಂದು ಜೇನುನೊಣ ಹೂವಿನಿಂದ ಹೂವಿಗೆ ದಾಟುತ್ತಿರುವಾಗ, ಹುಡುಗ ಮೂರು ಸಲವೂ ಖುಬೂಲ್ ಎಂದ.

ಜುಬೇದಮ್ಮ ಕೂತರು. ನನ್ನ ಊದಿದ ಕೈಯನ್ನು ತಮ್ಮ ಓರೆ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಕಣ್ಣಿಂದ ನೀರು ಸುರಿಯುತ್ತಿತ್ತು, ದೃಷ್ಟಿ ಮಾತ್ರ ಸೆಹ್ರಾದಿಂದ ಕದಲಲಿಲ್ಲ.

“ಎಡಗಡೆಯಿಂದ ಮೂರನೇ ಸರ ನೋಡಮ್ಮ,” ಎಂದರು. “ಸಡಿಲ ಆಗಿದೆ. ಅದು ನೀನು ಪೋಣಿಸಿದ್ದು.”